ಯೂಪ್ರೋಬ್ ಪ್ಯಾಚ್ ರಿವ್ಯೂ: ‘ಬೇಡ’ ಅನ್ನುವ ಸಾಲುಗಳನ್ನು ಮೊದಲು ಓದಿ

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವನು. ಇಲ್ಲೇ ಇಂಜಿನಿಯರಿಂಗ್ ಮುಗಿಸಿ, ಎರಡು ವರ್ಷದಿಂದ ವಿದ್ಯಾನಗರದ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ನಮ್ಮ ತಂಡದವರು ಲಿನಕ್ಸ್ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಒಂದು ಪ್ಯಾಚ್, ಅಂದರೆ ಕೋಡ್ ಬದಲಾವಣೆ, ಬರೆದಿದ್ದಾರೆ. ಫಂಕ್ಷನ್ ಶುರುವಿನಲ್ಲಿ ಬರುವ ‘ಪುಶ್’ ಇನ್‌ಸ್ಟ್ರಕ್ಷನ್ನನ್ನು ಕರ್ನಲ್ ಈಗಾಗಲೇ ಎಮ್ಯುಲೇಟ್ ಮಾಡುತ್ತದೆ, ಅಂದರೆ ಚಿಪ್ ಬದಲು ಅದರ ಕೆಲಸವನ್ನು ತಾನೇ ಮಾಡುತ್ತದೆ. ಅದರ ಜೊತೆಗೆ ‘ಮೂವ್’ ಮತ್ತು ‘ಸಬ್’ ಕೂಡ ಎಮ್ಯುಲೇಟ್ ಆಗಿ, ಯೂಪ್ರೋಬ್ ಬೇಗ ಓಡಲಿ ಅನ್ನುವುದು ಉದ್ದೇಶ. ರಿವ್ಯೂ ನನ್ನ ಪಾಲಿಗೆ ಬಂದಿದೆ. ಇನ್ನೂರು ಸಾಲೂ ಇಲ್ಲ. ಓದಿದರೆ ಎಲ್ಲಾ ಸರಿ ಅನ್ನಿಸುತ್ತೆ. ಆದರೆ ನೋಡಿದ್ದೇನೆ ಅಂತ ಹೆಸರು ಹಾಕೋಕೆ ಕೈ ಬರುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಕೈ ತಡೆದದ್ದು ಒಳ್ಳೆಯದೇ ಆಯಿತು. ಇಂಥ ಕೋಡ್ ಓದುವಾಗ ಎಲ್ಲವೂ ಸರಿ ಅನ್ನಿಸುತ್ತದೆ. ಬರೆದವರು ತಮ್ಮ ತಲೆಯಲ್ಲಿದ್ದ ಇನ್‌ಸ್ಟ್ರಕ್ಷನ್ ಇಟ್ಟುಕೊಂಡು ಬರೆದಿರುತ್ತಾರೆ. ನೀವೂ ಅದನ್ನೇ ತಲೆಯಲ್ಲಿಟ್ಟು ಓದುತ್ತೀರಿ. ತಪ್ಪು ಕೂತಿರುವುದು ಇಬ್ಬರ ತಲೆಗೂ ಬಾರದ ಇನ್‌ಸ್ಟ್ರಕ್ಷನ್‌ನಲ್ಲಿ. ಅದಕ್ಕೇ ಹೇಳುತ್ತೇನೆ, ಪ್ಯಾಚ್ ಏನು ಮಾಡುತ್ತದೆ ಅನ್ನುವುದನ್ನು ಆಮೇಲೆ ಓದಿ. ಯಾವುದನ್ನು ‘ಇದು ನನಗೆ ಬೇಡ’ ಅಂತ ವಾಪಸ್ ಕಳಿಸುತ್ತದೆ ಅನ್ನುವುದನ್ನು ಮೊದಲು ಓದಿ.

ಬೇರೆ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಇನ್‌ಸ್ಟ್ರಕ್ಷನ್ ಅಂದರೆ ಚಿಪ್‌ಗೆ ಕೊಡುವ ಒಂದು ಆಜ್ಞೆ. ರಿಜಿಸ್ಟರ್ ಅಂದರೆ ಚಿಪ್ ಒಳಗೆ ಸಂಖ್ಯೆ ಇಡುವ ಪುಟ್ಟ ಖಾನೆ. ಸ್ಟ್ಯಾಕ್ ಅಂದರೆ ಫಂಕ್ಷನ್‌ಗಳು ತಾತ್ಕಾಲಿಕವಾಗಿ ಬಳಸುವ ಮೆಮೊರಿ. ‘ಪುಶ್’ ಒಂದು ಬೆಲೆಯನ್ನು ಸ್ಟ್ಯಾಕ್‌ಗೆ ಹಾಕುತ್ತದೆ, ‘ಮೂವ್’ ನಕಲು ಮಾಡುತ್ತದೆ, ‘ಸಬ್’ ಕಳೆಯುತ್ತದೆ. ಓಡುತ್ತಿರುವ ಪ್ರೋಗ್ರಾಮ್‌ನ ಯಾವುದೋ ಒಂದು ಜಾಗಕ್ಕೆ, ಅದರ ಮೂಲ ಕೋಡ್ ಮುಟ್ಟದೆ, ಒಂದು ಕಾವಲು ಇಡುವ ವ್ಯವಸ್ಥೆ ಯೂಪ್ರೋಬ್. 2012ರಲ್ಲಿ ಬಂದ 3.5 ಕರ್ನಲ್‌ನಿಂದ ಲಿನಕ್ಸ್‌ನಲ್ಲಿದೆ. ಎಕ್ಸ್86, ಅಂದರೆ ಇಂಟೆಲ್ ಮತ್ತು ಎಎಂಡಿ ಚಿಪ್ ಇರುವ ಯಂತ್ರದಲ್ಲಿ ಅದು ಕೆಲಸ ಮಾಡುವ ರೀತಿ ಹೀಗೆ. ನೀವು ಹೇಳಿದ ಜಾಗದ ಮೊದಲ ಬೈಟ್ ತೆಗೆದು, ಅಲ್ಲಿ ‘ಸಿಸಿ’ ಅನ್ನುವ ಬ್ರೇಕ್‌ಪಾಯಿಂಟ್ ಬೈಟ್ ಇಡುತ್ತದೆ. ಪ್ರೋಗ್ರಾಮ್ ಅಲ್ಲಿಗೆ ಬಂದ ಕೂಡಲೇ ಟ್ರ್ಯಾಪ್ ಆಗಿ, ಅಂದರೆ ತಡೆದು ನಿಂತು, ಕರ್ನಲ್ ಒಳಗೆ ಬೀಳುತ್ತದೆ. ಕರ್ನಲ್ ನಿಮ್ಮ ಹ್ಯಾಂಡ್ಲರ್, ಅಂದರೆ ಆ ಜಾಗಕ್ಕೆ ಅಂತ ನೀವು ಕೊಟ್ಟ ಕೋಡ್, ಓಡಿಸುತ್ತದೆ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ತಲೆನೋವಿನದು. ಕಿತ್ತಿಟ್ಟ ಮೂಲ ಇನ್‌ಸ್ಟ್ರಕ್ಷನ್ ಓಡಲೇಬೇಕು, ಆದರೆ ಅದರ ಜಾಗದಲ್ಲಿ ಈಗ ‘ಸಿಸಿ’ ಕೂತಿದೆ.

ಇದಕ್ಕಾಗಿ ಕರ್ನಲ್ ಪ್ರತಿ ಪ್ರೋಗ್ರಾಮ್‌ಗೂ ಪಕ್ಕದಲ್ಲಿ ಒಂದು ಪುಟ ಇಟ್ಟಿರುತ್ತದೆ. 4096 ಬೈಟ್‌ನ ಪುಟ, 128 ಬೈಟ್‌ನ ಗೂಡುಗಳು, ಅಂದರೆ 32 ಗೂಡು. ಮೂಲ ಇನ್‌ಸ್ಟ್ರಕ್ಷನ್ನನ್ನು ಒಂದು ಗೂಡಿಗೆ ನಕಲು ಮಾಡಿ, ಸಿಂಗಲ್ ಸ್ಟೆಪ್ (ಒಂದೇ ಇನ್‌ಸ್ಟ್ರಕ್ಷನ್ ಓಡಿಸಿ ನಿಲ್ಲಿಸುವ ವ್ಯವಸ್ಥೆ) ಹಾಕಿ, ಪ್ರೋಗ್ರಾಮ್ ಅನ್ನು ಅಲ್ಲಿಗೆ ಕಳಿಸುತ್ತದೆ. ಒಂದು ಹೆಜ್ಜೆ ಓಡಿದ ಕೂಡಲೇ ಎರಡನೇ ಟ್ರ್ಯಾಪ್. ಮತ್ತೆ ಕರ್ನಲ್‌ಗೆ ಬಂದು, ವಿಳಾಸಗಳನ್ನು ಸರಿಮಾಡಿ, ಕೊನೆಗೆ ಪ್ರೋಗ್ರಾಮ್ ತನ್ನ ದಾರಿ ಹಿಡಿಯುತ್ತದೆ. ಥ್ರೆಡ್‌ಗಳು ಜಾಸ್ತಿ ಇದ್ದು 32 ಗೂಡೂ ತುಂಬಿದರೆ ಉಳಿದವು ಕಾಯಬೇಕು.

ನಮ್ಮ ದೊಡ್ಡಪ್ಪ ಹೊಳಲ್ಕೆರೆ ಕಡೆಯಿಂದ ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ತರುತ್ತಿದ್ದರು. ಟ್ರ್ಯಾಕ್ಟರ್ ಮೊದಲು ಲೋಡ್ ಸಮೇತ ವೇಬ್ರಿಡ್ಜ್ ಹತ್ತುತ್ತಿತ್ತು. ಕಾಳು ಇಳಿಸಿ, ಖಾಲಿ ಟ್ರೇಲರ್ ಜೊತೆ ಮತ್ತೆ ಸಾಲಿನಲ್ಲಿ ನಿಂತು ಎರಡನೇ ಸಲ ಹತ್ತುತ್ತಿತ್ತು. ಖಾಲಿ ತೂಕ ಪುಸ್ತಕದಲ್ಲಿ ಬರೆದಿದ್ದರೆ ಎರಡನೇ ಸರದಿ ಉಳಿಯುತ್ತದೆ, ಅಲ್ವಾ? ಎಮ್ಯುಲೇಶನ್ ಮಾಡುವುದು ಅದನ್ನೇ. ‘ಈ ಇನ್‌ಸ್ಟ್ರಕ್ಷನ್ ಏನು ಮಾಡುತ್ತದೆ ಅಂತ ನನಗೆ ಗೊತ್ತು, ನಾನೇ ಮಾಡಿಬಿಡುತ್ತೇನೆ’ ಅಂತ ಕರ್ನಲ್ ಎರಡನೇ ಟ್ರ್ಯಾಪ್ ಬಿಟ್ಟುಬಿಡುತ್ತದೆ. ಆದರೆ ಟ್ರೇಲರ್‌ಗೆ ಹೊಸ ಟೈರ್ ಹಾಕಿಸಿದ್ದು ಪುಸ್ತಕಕ್ಕೆ ಗೊತ್ತಿರುವುದಿಲ್ಲ. ಅಲ್ಲಿಂದಾಚೆ ಪ್ರತಿ ಲೋಡಿನ ಲೆಕ್ಕವೂ ತಪ್ಪು, ಯಾರಿಗೂ ಕಾಣದ ಹಾಗೆ.

ಲಾಭ ಸಣ್ಣದಲ್ಲ. ಎಕ್ಸ್86ರಲ್ಲಿ ಜಂಪ್ ಮತ್ತು ಕಾಲ್‌ಗಳ ಎಮ್ಯುಲೇಶನ್ 2014ರಲ್ಲಿ ಬಂತು. ‘ಪುಶ್’ಗೆ ಅದನ್ನು ಬರೆದದ್ದು 2017ರ ಕೊನೆಯಲ್ಲಿ. ಫಂಕ್ಷನ್ ‘ಪುಶ್’ನಿಂದ ಶುರುವಾದರೆ ಪ್ರೋಬ್‌ಗೆ ಎರಡು ಟ್ರ್ಯಾಪ್ ಇದ್ದದ್ದು ಒಂದಾಯಿತು. ಫಂಕ್ಷನ್ ಮುಗಿಯುವುದನ್ನೂ ಹಿಡಿಯುವ ಯೂರೆಟ್‌ಪ್ರೋಬ್‌ಗೆ ಮೂರು ಇದ್ದದ್ದು ಎರಡಾಯಿತು. ನಿಮ್ಮ ತಂಡ ಹೊರಟಿರುವ ದಾರಿ ಸರಿಯಾದದ್ದೇ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಹಳೆಯ ‘ಪುಶ್’ ಕೋಡ್ ತೆರೆದು ನೋಡಿ. ಅದು ಒಪ್ಪುವುದು ಎಷ್ಟು ಕಡಿಮೆ ಅಂತ ಗಮನಿಸಿ. ಹೆಕ್ಸ್ (ಹದಿನಾರರ ಲೆಕ್ಕದ ಅಂಕಿ) 50ರಿಂದ 57ರ ವರೆಗಿನ ಒಂದು ಬೈಟ್‌ನ ‘ಪುಶ್’. ಮುಂದೆ ಬರುವ ಬೈಟ್‌ಗಳ ಅಂಕಿಯೂ ಹೆಕ್ಸೇ. ಎರಡು ಬೈಟ್ ಇದ್ದರೆ ಮೊದಲ ಬೈಟ್ 41 ಆಗಿರಲೇಬೇಕು. ಬೇರೆ ಏನೇ ಬಂದರೂ ‘ನನಗೆ ಬೇಡ’ ಅಂತ ನಿಧಾನದ ದಾರಿಗೆ ಕಳಿಸುತ್ತದೆ. ಜಂಪ್ ಕೋಡ್‌ನಲ್ಲೂ ಇಂಥದ್ದೇ ಒಂದು ಸಾಲಿದೆ, ಅದು ನನಗೆ ತುಂಬಾ ಇಷ್ಟ. 66 ಅನ್ನುವ ಪ್ರಿಫಿಕ್ಸ್ (ಇನ್‌ಸ್ಟ್ರಕ್ಷನ್‌ಗೆ ಮೊದಲು ಅಂಟಿಸುವ ಬೈಟ್) ಇರುವ ಜಂಪ್ ಬಂದರೆ ವಾಪಸ್. ಕಾರಣ, 64 ಬಿಟ್ ಮೋಡ್‌ನಲ್ಲಿ ಅಂಥ ಇನ್‌ಸ್ಟ್ರಕ್ಷನ್ನನ್ನು ಇಂಟೆಲ್ ಮತ್ತು ಎಎಂಡಿ ಚಿಪ್‌ಗಳು ಬೇರೆ ಬೇರೆ ರೀತಿ ಓಡಿಸುತ್ತವೆ. ಇಂಟೆಲ್ ಆ ಪ್ರಿಫಿಕ್ಸ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಮ್ಯುಲೇಟ್ ಮಾಡುವವನು ಯಾರ ಪರ ನಿಲ್ಲಬೇಕು? ಯಾರ ಪರವೂ ಬೇಡ, ಚಿಪ್ಪೇ ಓಡಿಸಲಿ. ನಿಧಾನದ ದಾರಿ ಯಾವತ್ತೂ ಸರಿಯಾದ ಉತ್ತರ ಕೊಡುತ್ತದೆ. ಅದು ಇರುವಾಗ ಅನುಮಾನ ಬಂದ ಕಡೆಯೆಲ್ಲಾ ವಾಪಸ್ ಕಳಿಸುವುದಕ್ಕೆ ಹಿಂಜರಿಯಬೇಕಾಗಿಲ್ಲ.

ನಿಮ್ಮ ಪ್ಯಾಚ್‌ನಲ್ಲಿ ರಿಜಿಸ್ಟರ್‌ನಿಂದ ರಿಜಿಸ್ಟರ್‌ಗೆ ಹೋಗುವ ‘ಮೂವ್’ ಸುಲಭದ್ದು. ಮೆಮೊರಿ ಮುಟ್ಟುವುದಿಲ್ಲ, ಫ್ಲ್ಯಾಗ್ (ಲೆಕ್ಕದ ಫಲ ಹೇಗಿತ್ತು ಅಂತ ಚಿಪ್ ಇಟ್ಟುಕೊಳ್ಳುವ ಗುರುತು) ಬದಲಿಸುವುದಿಲ್ಲ. ಆದರೂ ಮೂರು ವಿಷಯ ನೋಡಿ. ಮೊದಲನೆಯದು, ಎರಡೂ ಕಡೆ ರಿಜಿಸ್ಟರ್ರೇ ಇದೆ ಅನ್ನುವುದಕ್ಕೆ, ಯಾವುದರ ಮೇಲೆ ಕೆಲಸ ಅಂತ ಹೇಳುವ ಮೋಡ್‌ಆರ್‌ಎಂ ಬೈಟ್‌ನ ಮೇಲಿನ ಎರಡು ಬಿಟ್‌ಗಳೂ ಒಂದಾಗಿರಬೇಕು. ಆ ಪರೀಕ್ಷೆ ಬಿಟ್ಟುಹೋದರೆ ಮೆಮೊರಿಯಿಂದ ಓದುವ ‘ಮೂವ್’ ಕೂಡ ಒಳಗೆ ನುಸುಳುತ್ತದೆ. ಎರಡನೆಯದು ಅಳತೆ. 48 89 ಇ5 ಅಂದರೆ ಆರ್‌ಎಸ್‌ಪಿಯ (ಸ್ಟ್ಯಾಕ್‌ನ ತುದಿ ತೋರಿಸುವ ಸ್ಟ್ಯಾಕ್ ಪಾಯಿಂಟರ್ ರಿಜಿಸ್ಟರ್) 64 ಬಿಟ್ಟೂ ಆರ್‌ಬಿಪಿ ಅನ್ನುವ ಇನ್ನೊಂದು ರಿಜಿಸ್ಟರ್‌ಗೆ ಹೋಗುತ್ತದೆ. ಮೊದಲ 48 ಇಲ್ಲದಿದ್ದರೆ ಅದು 32 ಬಿಟ್‌ನ ‘ಮೂವ್’. ಆಗ ಗುರಿ ರಿಜಿಸ್ಟರ್‌ನ ಮೇಲಿನ 32 ಬಿಟ್ ಸೊನ್ನೆಯಾಗಬೇಕು. 16 ಬಿಟ್‌ನದಾದರೆ ಮೇಲಿನ ಭಾಗ ಹಾಗೇ ಉಳಿಯಬೇಕು. ಸಿ ಭಾಷೆಯಲ್ಲಿ ಸುಮ್ನೆ ಒಂದು ಅಸೈನ್‌ಮೆಂಟ್ ಬರೆದರೆ ಈ ಮೂರರಲ್ಲಿ ಒಂದು ಮಾತ್ರ ಸರಿಯಾಗುತ್ತದೆ.

ಮೂರನೆಯದು ಜನ ಮರೆಯುವಂಥದ್ದು. ಪ್ರೋಬ್ ಹಾಕಿದ ಪ್ರೋಗ್ರಾಮ್ 32 ಬಿಟ್‌ನದಾಗಿದ್ದರೆ ಅದೇ ಬೈಟ್‌ಗಳ ಅರ್ಥವೇ ಬೇರೆ. 64 ಬಿಟ್‌ನಲ್ಲಿ ಪ್ರಿಫಿಕ್ಸ್ ಆಗಿದ್ದ 48, 32 ಬಿಟ್‌ನಲ್ಲಿ ಇಎಎಕ್ಸ್ ರಿಜಿಸ್ಟರ್‌ನಿಂದ ಒಂದು ಕಳೆಯುವ ಇನ್‌ಸ್ಟ್ರಕ್ಷನ್. ಬೈಟ್‌ಗಳ ಅರ್ಥ ಬಿಡಿಸುವ ಡಿಕೋಡರ್‌ಗೆ ಪ್ರೋಗ್ರಾಮ್ ಎಷ್ಟು ಬಿಟ್‌ನದು ಅಂತ ಹೇಳಿದ್ದಾರಾ, ಅಥವಾ ಬೈಟ್‌ಗಳನ್ನು ನೇರವಾಗಿ ಹೋಲಿಸಿದ್ದಾರಾ? ಎರಡನೆಯದಾದರೆ ಅಲ್ಲೇ ನಿಲ್ಲಿಸಿ ಕೇಳಿ.

‘ಸಬ್’ ಕಷ್ಟದ್ದು. ನೀವು ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲಿ.

ಫಂಕ್ಷನ್ ಶುರುವಿನಲ್ಲಿ ಬರುವುದು ಆರ್‌ಎಸ್‌ಪಿಯಿಂದ ಒಂದು ಸಂಖ್ಯೆ ಕಳೆಯುವ ‘ಸಬ್’. ಅದರ ಬೈಟ್‌ಗಳು 48 83 ಇಸಿ, ಕೊನೆಗೆ ಒಂದು ಬೈಟ್‌ನ ಸಂಖ್ಯೆ. ಈ 83 ಅನ್ನುವುದು ಒಂದೇ ಇನ್‌ಸ್ಟ್ರಕ್ಷನ್‌ಗೆ ಸೇರಿದ್ದಲ್ಲ, ಎಂಟು ಇನ್‌ಸ್ಟ್ರಕ್ಷನ್‌ಗಳ ಗುಂಪಿನ ಹೆಸರು. ಯಾವುದು ಅಂತ ಹೇಳುವುದು ಮೋಡ್‌ಆರ್‌ಎಂ ಬೈಟ್‌ನ ನಡುವಿನ ಮೂರು ಬಿಟ್. ಅಲ್ಲಿ 5 ಇದ್ದರೆ ‘ಸಬ್’, 0 ಇದ್ದರೆ ‘ಆ್ಯಡ್’, 7 ಇದ್ದರೆ ‘ಕಂಪೇರ್’. ಆ ಮೂರು ಬಿಟ್ ನೋಡದೆ 83 ಕಂಡ ಕೂಡಲೇ ಕಳೆದುಬಿಟ್ಟರೆ, ಬರೀ ಹೋಲಿಸಬೇಕಾಗಿದ್ದ ಕಡೆ ರಿಜಿಸ್ಟರ್ರೇ ಬದಲಾಗಿಬಿಡುತ್ತದೆ.

ಇನ್ನು ಆ ಒಂದು ಬೈಟ್‌ನ ಸಂಖ್ಯೆ. ಅದು ಚಿಹ್ನೆ ಇರುವ ಸಂಖ್ಯೆ. ಸ್ಟ್ಯಾಕ್‌ನಿಂದ ಋಣ ಸಂಖ್ಯೆ ಯಾರು ಕಳೆಯುತ್ತಾರೆ ಅಂತ ಕೇಳಬೇಡಿ. ಕಂಪೈಲರ್‌ಗಳೇ ಕಳೆಯುತ್ತವೆ. ಆರ್‌ಎಸ್‌ಪಿಗೆ 128 ಕೂಡಿಸಬೇಕಾದಾಗ, +128 ಒಂದು ಬೈಟ್‌ನಲ್ಲಿ ಹಿಡಿಯುವುದಿಲ್ಲ, −128 ಹಿಡಿಯುತ್ತದೆ. ಹಾಗಾಗಿ ಜಾಗ ಉಳಿಸಲು ಅವು −128 ಕಳೆಯುತ್ತವೆ. ಆ ಬೈಟ್ ಹೆಕ್ಸ್ 80. ಅದನ್ನು ಚಿಹ್ನೆ ಇಲ್ಲದ ಸಂಖ್ಯೆ ಅಂತ ಓದಿದರೆ ಸ್ಟ್ಯಾಕ್ ಮೇಲೆ ಹೋಗುವ ಬದಲು ಕೆಳಗೆ ಹೋಗುತ್ತದೆ, 256 ಬೈಟ್ ವ್ಯತ್ಯಾಸ ಬರುತ್ತದೆ. ಈ ಒಂದು ಟೆಸ್ಟ್ ಪ್ಯಾಚ್ ಜೊತೆಗೆ ಇಲ್ಲದಿದ್ದರೆ ಕೇಳಿ ಬರೆಸಿ.

ಅದಕ್ಕಿಂತ ಮುಖ್ಯ ಫ್ಲ್ಯಾಗ್‌ಗಳು. ‘ಸಬ್’ ಆರು ಫ್ಲ್ಯಾಗ್ ಬದಲಿಸುತ್ತದೆ: ಕ್ಯಾರಿ, ಪ್ಯಾರಿಟಿ, ಆಕ್ಸಿಲಿಯರಿ ಕ್ಯಾರಿ, ಝೀರೋ, ಸೈನ್, ಓವರ್‌ಫ್ಲೋ. ನಿಮ್ಮ ತಂಡದಲ್ಲಿ ಯಾರಾದರೂ ‘ಫಂಕ್ಷನ್ ಶುರುವಿನಲ್ಲಿ ಸ್ಟ್ಯಾಕ್ ಇಳಿಸಿದ ಮೇಲೆ ಫ್ಲ್ಯಾಗ್ ಯಾರು ಓದುತ್ತಾರೆ’ ಅನ್ನಬಹುದು. ಸಾಮಾನ್ಯವಾಗಿ ಯಾರೂ ಓದುವುದಿಲ್ಲ, ನಿಜ. ಆದರೆ ಪ್ರೋಬ್ ಎಲ್ಲಿ ಇಡಬೇಕು ಅಂತ ತೀರ್ಮಾನ ಮಾಡುವವರು ನೀವಲ್ಲ, ಬಳಸುವವರು. ಲೂಪ್‌ನ ಕೊನೆಯಲ್ಲಿ ಒಂದು ಕಳೆದು, ಸೊನ್ನೆಯಾಗದಿದ್ದರೆ ಹಿಂದಕ್ಕೆ ಹಾರುವ ಕೋಡ್ ಎಲ್ಲಾ ಕಡೆ ಇದೆ. ಅಂಥ ‘ಸಬ್’ ಮೇಲೆ ಪ್ರೋಬ್ ಕೂತು, ಝೀರೋ ಫ್ಲ್ಯಾಗ್ ಹಳೆಯದೇ ಉಳಿದರೆ, ಲೂಪ್ ನಿಲ್ಲದೇ ಹೋಗಬಹುದು. ‘ಆರ್‌ಎಸ್‌ಪಿಗೆ ಮಾತ್ರ’ ಅಂತ ಮಿತಿ ಹಾಕಿದರೆ ಅಪಾಯ ತಗ್ಗುತ್ತದೆ, ಹೋಗುವುದಿಲ್ಲ. ಕೈಯಲ್ಲಿ ಬರೆದ ಅಸೆಂಬ್ಲಿಗೆ ಯಾವ ಸಂಪ್ರದಾಯವೂ ಇಲ್ಲ. ನನ್ನ ಪ್ರಕಾರ ಫ್ಲ್ಯಾಗ್ ಲೆಕ್ಕ ಇಲ್ಲದ ‘ಸಬ್’ ಎಮ್ಯುಲೇಶನ್ನನ್ನು ಒಪ್ಪಲೇಬಾರದು.

ಲೆಕ್ಕ ಹಾಕಿದ್ದರೆ ಹೇಗೆ ಹಾಕಿದ್ದಾರೆ ನೋಡಿ. ಒಂದೊಂದೇ ಫ್ಲ್ಯಾಗ್‌ಗೆ ಸೂತ್ರ ಬರೆಯುವುದು ಒಂದು ದಾರಿ. ಅದರಲ್ಲಿ ಓವರ್‌ಫ್ಲೋ ಮತ್ತು ಆಕ್ಸಿಲಿಯರಿ ಕ್ಯಾರಿ ತಪ್ಪುವುದು ಜಾಸ್ತಿ. ಇನ್ನೊಂದು ದಾರಿ, ಅವೇ ಎರಡು ಸಂಖ್ಯೆಗಳ ಮೇಲೆ ಕರ್ನಲ್ ಒಳಗೇ ನಿಜವಾದ ‘ಸಬ್’ ಓಡಿಸಿ, ಚಿಪ್ ಕೊಟ್ಟ ಫ್ಲ್ಯಾಗ್ ತೆಗೆದುಕೊಳ್ಳುವುದು. ಇದು ನನಗೆ ಹೆಚ್ಚು ಹಿಡಿಸುತ್ತದೆ. ಆದರೆ ಆಗ ಪ್ರೋಗ್ರಾಮ್‌ಗೆ ಹೋಗಬೇಕಾದದ್ದು ಆ ಆರು ಬಿಟ್ ಮಾತ್ರ. ಇಂಟರಪ್ಟ್ ಫ್ಲ್ಯಾಗ್, ಟ್ರ್ಯಾಪ್ ಫ್ಲ್ಯಾಗ್ ಇಂಥವು ಕರ್ನಲ್‌ನವು. ಇಡೀ ಫ್ಲ್ಯಾಗ್ ರಿಜಿಸ್ಟರ್ ನಕಲು ಮಾಡಿದ ಸಾಲು ಕಂಡರೆ ಕೆಂಪು ಗುರುತು ಹಾಕಿ.

ಈಗ ‘ಪುಶ್’ ಬಗ್ಗೆ ನನ್ನದೇ ಒಂದು ಅನುಭವ ಹೇಳುತ್ತೇನೆ. ತುಂಬಾ ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಕಡೆ ನಮ್ಮದೇ ಬಳಕೆಗೆ ಒಂದು ಎಮ್ಯುಲೇಟರ್ ಇತ್ತು. ಅದಕ್ಕೆ ಬಂದ ‘ಪುಶ್’ ಪ್ಯಾಚ್ ನಾನು ನೋಡಿ ಒಪ್ಪಿಗೆ ಕೊಟ್ಟೆ. ಅದು ಮೊದಲು ಸ್ಟ್ಯಾಕ್ ಪಾಯಿಂಟರ್‌ನಿಂದ ಎಂಟು ಕಳೆದು, ಆಮೇಲೆ ರಿಜಿಸ್ಟರ್ ಓದಿ, ಸ್ಟ್ಯಾಕ್‌ಗೆ ಬರೆಯುತ್ತಿತ್ತು. ಹದಿನೈದು ರಿಜಿಸ್ಟರ್‌ಗಳಿಗೆ ಇದು ಸರಿ. ಹದಿನಾರನೆಯದು ಆರ್‌ಎಸ್‌ಪಿ. ಅದನ್ನೇ ‘ಪುಶ್’ ಮಾಡಿದರೆ ಕಳೆಯುವ ಮೊದಲಿನ ಬೆಲೆ ಸ್ಟ್ಯಾಕ್‌ಗೆ ಹೋಗಬೇಕು. ಹಳೆಯ 8086 ಚಿಪ್ ಕಳೆದ ಮೇಲಿನ ಬೆಲೆ ಹಾಕುತ್ತಿತ್ತು. 286ರಿಂದ ಈಚೆಗೆ ಮೊದಲಿನ ಬೆಲೆ. ನಮ್ಮ ಟೆಸ್ಟ್‌ಗಳಲ್ಲಿ ಆರ್‌ಎಸ್‌ಪಿ ‘ಪುಶ್’ ಮಾಡುವ ಫಂಕ್ಷನ್ ಒಂದೂ ಇರಲಿಲ್ಲ. ಕೆಲವು ವಾರ ಆದ ಮೇಲೆ, ಅಸೆಂಬ್ಲಿಯಲ್ಲಿ ಬರೆದ ಒಂದು ಲೈಬ್ರರಿ ಸ್ಟ್ಯಾಕ್ ಅನ್ನು ಎಂಟು ಬೈಟ್ ಪಕ್ಕಕ್ಕೆ ವಾಪಸ್ ಇಟ್ಟುಕೊಂಡು ಬಿದ್ದುಹೋಗುತ್ತಿದೆ ಅಂತ ಗೊತ್ತಾಯಿತು. ಅದನ್ನು ಹುಡುಕಿದ ಸಹೋದ್ಯೋಗಿಯ ನಾಲ್ಕು ದಿನ ನನ್ನಿಂದಾಗಿ ಹೋಯಿತು. ಅಂದಿನಿಂದ ಯಾವ ಎಮ್ಯುಲೇಶನ್ ಕೋಡ್ ಬಂದರೂ ಮೊದಲ ಪ್ರಶ್ನೆ ಅದೇ ಕೇಳುತ್ತೇನೆ: ಓದುವ ರಿಜಿಸ್ಟರ್ರೂ ಬರೆಯುವ ರಿಜಿಸ್ಟರ್ರೂ ಒಂದೇ ಆದರೆ ಏನಾಗುತ್ತದೆ? ಲಿನಕ್ಸ್‌ನ ಕೋಡ್ ಇದನ್ನು ಸರಿಯಾಗಿ ಮಾಡುತ್ತದೆ. ಬೆಲೆ ಮೊದಲು ಓದಿ, ಸ್ಟ್ಯಾಕ್‌ಗೆ ಬರೆದು, ಬರೆದದ್ದು ಗೆದ್ದರೆ ಮಾತ್ರ ಆರ್‌ಎಸ್‌ಪಿ ಬದಲಿಸುತ್ತದೆ.

ಆ ಕೊನೆಯ ಮಾತು ಇನ್ನೊಂದು ಪಾಠ. ಬರೆಯುವುದು ಸೋಲಬಹುದು. ಸ್ಟ್ಯಾಕ್‌ನ ಪುಟ ಇಲ್ಲದೇ ಇರಬಹುದು. ಆಗ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಎಲ್ಲಾ ರಿಜಿಸ್ಟರ್ ಹಳೆಯದೇ ಇರಬೇಕು, ನಿಧಾನದ ದಾರಿಗೆ ಒಪ್ಪಿಸಬೇಕು. ಅಲ್ಲಿ ಇನ್‌ಸ್ಟ್ರಕ್ಷನ್ ನಿಜವಾಗಿಯೂ ಓಡಿ ಬೀಳುತ್ತದೆ, ಪ್ರೋಗ್ರಾಮ್‌ಗೆ ಸಲ್ಲಬೇಕಾದ ಸಿಗ್ನಲ್ ಸಲ್ಲುತ್ತದೆ. ಅರ್ಧ ಬದಲಿಸಿ ಸೋಲುವ ಕೋಡ್ ಬಹಳ ಕೆಟ್ಟದ್ದು. ಪ್ರತಿ ‘ಸೋತೆ’ ಅನ್ನುವ ರಿಟರ್ನ್‌ನ ಹಿಂದೆ ಬೆರಳಿಟ್ಟು ಮೇಲಕ್ಕೆ ಓದುತ್ತಾ ಹೋಗಿ. ಯಾವುದಾದರೂ ರಿಜಿಸ್ಟರ್ ಆಗಲೇ ಬದಲಾಗಿದೆಯಾ?

ಪ್ರೋಗ್ರಾಮ್‌ನ ಮೆಮೊರಿಯನ್ನು ಕರ್ನಲ್ ಹೇಗೆ ಮುಟ್ಟುತ್ತದೆ ಅನ್ನುವುದಕ್ಕೆ ಆರ್ಮ್64 ಅನ್ನುವ ಇನ್ನೊಂದು ಬಗೆಯ ಚಿಪ್‌ನ ಕಥೆ ಗೊತ್ತಿರಲಿ. ಅಲ್ಲಿ ಯೂಪ್ರೋಬ್ ಸೇರಿದ್ದು 2016ರಲ್ಲಿ. ಪಕ್ಕದ ಮೆಮೊರಿಯಿಂದ ಓದುವ ‘ಲೋಡ್ ಲಿಟರಲ್’ ಇನ್‌ಸ್ಟ್ರಕ್ಷನ್ನನ್ನು ಎಮ್ಯುಲೇಟ್ ಮಾಡಲು, ಕೆಪ್ರೋಬ್‌ಗೆ ಅಂತ ಬರೆದಿದ್ದ ಫಂಕ್ಷನ್ನನ್ನೇ ಹಾಗೇ ಬಳಸಿದರು. ಕೆಪ್ರೋಬ್ ಕರ್ನಲ್‌ನ ಒಳಗಿನ ಕೋಡ್‌ಗೇ ಕಾವಲು ಇಡುವಂಥದ್ದು, ಹಾಗಾಗಿ ಆ ಫಂಕ್ಷನ್ ಸೀದಾ ಪಾಯಿಂಟರ್ ಹಿಡಿದು ಓದುತ್ತಿತ್ತು. ಯೂಪ್ರೋಬ್‌ನಲ್ಲಿ ಆ ವಿಳಾಸ ಪ್ರೋಗ್ರಾಮ್‌ನದು. ಪುಟ ಇಲ್ಲದಿದ್ದರೆ ಕರ್ನಲ್ಲೇ ಬೀಳುವ ಅಪಾಯ. ಕರ್ನಲ್ ಬಳಕೆದಾರರ ಮೆಮೊರಿ ಮುಟ್ಟದಂತೆ ತಡೆಯುವ ಪ್ಯಾನ್ ರಕ್ಷಣೆ ಇರುವ ಯಂತ್ರದಲ್ಲಿ ಅದು ಕೆಲಸ ಮಾಡುವುದೇ ಸಾಧ್ಯವಿಲ್ಲ. ಅದೂ ಸಾಲದು ಅಂತ, ವಿಳಾಸ ಸೊನ್ನೆಯಿಂದ ಹಿಂದಕ್ಕೆ ಸುತ್ತಿಕೊಂಡರೆ, ಕರ್ನಲ್‌ನ ವಿಳಾಸಗಳ ಕೊನೆಯ ಒಂದು ಎಂಬಿಯನ್ನು ಮುಟ್ಟುವ ದಾರಿಯೂ ಇತ್ತು. 2024ರ ಅಕ್ಟೋಬರ್‌ನಲ್ಲಿ ಅದನ್ನು ಯೂಪ್ರೋಬ್‌ನಿಂದ ತೆಗೆದುಹಾಕಿದರು. ಸುಮಾರು ಎಂಟು ವರ್ಷ ಎಷ್ಟೋ ಕಣ್ಣುಗಳ ಮುಂದೆ ಅದು ಇತ್ತು. ಫಂಕ್ಷನ್‌ನಲ್ಲಿ ತಪ್ಪಿರಲಿಲ್ಲ, ಅದು ಬಂದು ಸೇರಿದ ಜಾಗ ತಪ್ಪಾಗಿತ್ತು. ಹೊಸ ಸಾಲುಗಳನ್ನಷ್ಟೇ ಓದುವ ರಿವ್ಯೂಗೆ ಇಂಥದ್ದು ಸಿಗುವುದಿಲ್ಲ. ಹಳೆಯ ಫಂಕ್ಷನ್ ಹೊಸ ಕಡೆಯಿಂದ ಕರೆಯುತ್ತಿದ್ದರೆ, ಆ ಹಳೆಯದನ್ನೂ ತೆರೆದು ಓದಿ.

ರಿಜಿಸ್ಟರ್, ಫ್ಲ್ಯಾಗ್, ಮೆಮೊರಿ ಮೂರೂ ಸರಿ ಇದ್ದರೂ, ಹೊರಗಿನವರಿಗೆ ಕಾಣುವ ವ್ಯತ್ಯಾಸ ಉಳಿಯಬಹುದು. ಯೂರೆಟ್‌ಪ್ರೋಬ್ ವೇಗ ಮಾಡಲು 2024ರ 6.11 ಕರ್ನಲ್‌ನಲ್ಲಿ ಟ್ರ್ಯಾಪ್ ಬದಲು ಒಂದು ಸಿಸ್ಟಂ ಕಾಲ್ (ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕೋರಿಕೆ) ತಂದರು. ಕಂಟೈನರ್‌ಗಳಲ್ಲಿ, ಅಂದರೆ ಪ್ರೋಗ್ರಾಮ್ ಬೇರೆಯಾಗಿ ಇಟ್ಟು ಓಡಿಸುವ ಆವರಣಗಳಲ್ಲಿ, ಗೊತ್ತಿಲ್ಲದ ಸಿಸ್ಟಂ ಕಾಲ್‌ಗಳನ್ನು ಸೆಕ್‌ಕಾಂಪ್ ಫಿಲ್ಟರ್ ತಡೆಯುತ್ತದೆ. ಪ್ರೋಬ್ ಇಟ್ಟ ಕೂಡಲೇ ಒಳಗಿನ ಪ್ರೋಗ್ರಾಮ್ ಸಾಯತೊಡಗಿತು. ಕೊನೆಗೆ 2025ರಲ್ಲಿ ಸೆಕ್‌ಕಾಂಪ್‌ನಲ್ಲೇ ಅದಕ್ಕೆ ದಾರಿ ಬಿಡಬೇಕಾಯಿತು. ನಿಮ್ಮ ಪ್ಯಾಚ್‌ನಲ್ಲಿ ಸಿಸ್ಟಂ ಕಾಲ್ ಇಲ್ಲ, ಸರಿ. ಆದರೆ ಡೀಬಗರ್ ಒಂದೊಂದೇ ಹೆಜ್ಜೆ ನಡೆಸುತ್ತಿರುವ ಪ್ರೋಗ್ರಾಮ್‌ನಲ್ಲಿ, ಎಮ್ಯುಲೇಟ್ ಆದ ಇನ್‌ಸ್ಟ್ರಕ್ಷನ್ ಒಂದು ಹೆಜ್ಜೆಯಾಗಿ ಕಾಣುತ್ತದಾ, ಅಥವಾ ಡೀಬಗರ್ ಒಂದನ್ನು ದಾಟಿ ಮುಂದಿನದರಲ್ಲಿ ನಿಲ್ಲುತ್ತದಾ ಅಂತ ಓಡಿಸಿ ನೋಡಿ. ಮುಂದೆ ಯಾರಾದರೂ ‘ಕಾಲ್’ ಮುಟ್ಟಿದರೆ ಶ್ಯಾಡೋ ಸ್ಟ್ಯಾಕ್ (ವಾಪಸ್ ವಿಳಾಸಗಳ ಕಾವಲಿನ ಎರಡನೇ ಪ್ರತಿ) ನೆನಪಿಸಿ. ಅದು ಚಾಲೂ ಇದ್ದರೆ ವಾಪಸ್ ವಿಳಾಸ ಎರಡೂ ಸ್ಟ್ಯಾಕ್‌ಗೆ ಹೋಗಬೇಕು.

ಹಾಗೇ, ಶುರುವಿನ ಇನ್‌ಸ್ಟ್ರಕ್ಷನ್‌ಗಳ ಮೇಲೆ ಐದು ಬೈಟ್‌ನ ಕಾಲ್ ಬರೆದುಬಿಡುವ ಆಲೋಚನೆ ಈ ಪ್ಯಾಚ್ ಸರಣಿಯಲ್ಲಿದ್ದರೆ, ಅದನ್ನು ಬೇರೆ ಪ್ಯಾಚ್ ಮಾಡಿಸಿ. ‘ಪುಶ್’ ಒಂದು ಬೈಟ್, ‘ಮೂವ್’ ಮೂರು ಬೈಟ್. ಐದು ಬೈಟ್ ಬರೆದರೆ ಇನ್ನೊಂದು ಥ್ರೆಡ್ ನಡುವಿನ ಇನ್‌ಸ್ಟ್ರಕ್ಷನ್ ಮೇಲೇ ನಿಂತಿರಬಹುದು. ಅದರ ರಿವ್ಯೂ ಬೇರೆಯೇ ಕಸುಬು.

ಇನ್ನೊಂದು ಪ್ರಶ್ನೆ ಕೇಳಲು ಸಂಕೋಚ ಪಡಬೇಡಿ. ಇದರಿಂದ ಯಾರಿಗೆ ಲಾಭ? ಉಬುಂಟುನಲ್ಲಿ ಜಿಸಿಸಿ ಕಂಪೈಲರ್ ಕಟ್ಟಿದ ಪ್ರೋಗ್ರಾಮ್‌ಗಳಲ್ಲಿ ಫಂಕ್ಷನ್ ಸಾಮಾನ್ಯವಾಗಿ ಶುರುವಾಗುವುದು ‘ಎಂಡ್‌ಬಿಆರ್64’ ಅನ್ನುವ, ಇಲ್ಲಿಗೆ ಹಾರಿ ಬರಬಹುದು ಅಂತ ಗುರುತಿಸುವ ಇನ್‌ಸ್ಟ್ರಕ್ಷನ್‌ನಿಂದ, ‘ಪುಶ್’ನಿಂದ ಅಲ್ಲ. ಫಂಕ್ಷನ್ ಹೆಸರು ಕೊಟ್ಟು ಪ್ರೋಬ್ ಹಾಕಿದರೆ ಅದು ಕೂರುವುದು ಅದರ ಮೇಲೆ. ಫ್ರೇಮ್ ಪಾಯಿಂಟರ್ (ಆರ್‌ಬಿಪಿಯಲ್ಲಿ ಇಡುವ ಸ್ಟ್ಯಾಕ್‌ನ ಗುರುತು) ಬಿಟ್ಟು ಕಟ್ಟಿದ ಪ್ರೋಗ್ರಾಮ್‌ನಲ್ಲಿ ಆ ‘ಮೂವ್’ ಇರುವುದೇ ಇಲ್ಲ. ಒಂದು ಸಂಜೆ ಕೂತು, ನಿಮ್ಮ ತಂಡ ನಿಜವಾಗಿ ಪ್ರೋಬ್ ಹಾಕುವ ನಾಲ್ಕೈದು ಪ್ರೋಗ್ರಾಮ್‌ಗಳ ಮೇಲೆ, ಇನ್‌ಸ್ಟ್ರಕ್ಷನ್‌ಗಳನ್ನು ಬಿಡಿಸಿ ತೋರಿಸುವ ಆಬ್ಜ್‌ಡಂಪ್ ಓಡಿಸಿ, ಮೊದಲ ಇನ್‌ಸ್ಟ್ರಕ್ಷನ್‌ಗಳನ್ನು ಎಣಿಸಿ. ಆ ಎಣಿಕೆಯನ್ನು ರಿವ್ಯೂನಲ್ಲಿ ಹಾಕಿ. ಅದು ಬರೆದವರಿಗೂ ಬೇಕಾದ ವಿಷಯ. ವೇಗ ಅಳೆಯಲು ಕರ್ನಲ್ ಮೂಲದಲ್ಲೇ ಬಿಪಿಎಫ್ (ಕರ್ನಲ್ ಒಳಗೆ ಪುಟ್ಟ ಪ್ರೋಗ್ರಾಮ್ ಓಡಿಸುವ ವ್ಯವಸ್ಥೆ) ಸೆಲ್ಫ್‌ಟೆಸ್ಟ್‌ಗಳ ಜೊತೆ ಬೆಂಚ್ ಅನ್ನುವ ಅಳತೆ ಪ್ರೋಗ್ರಾಮ್ ಇದೆ. ನೋಪ್ (ಏನೂ ಮಾಡದ ಇನ್‌ಸ್ಟ್ರಕ್ಷನ್), ಪುಶ್, ರೆಟ್ (ಫಂಕ್ಷನ್‌ನಿಂದ ವಾಪಸ್ ಹೋಗುವುದು) ಮೂರಕ್ಕೂ ಬೇರೆ ಬೇರೆ ಅಳತೆ ಕೊಡುತ್ತದೆ. ‘ಸಬ್’ಗೆ ಇನ್ನೊಂದು ಸೇರಿಸಿ ಅಂತ ಕೇಳಿ.

ಸರಿಯಾಗಿದೆಯಾ ಅಂತ ನೋಡುವ ಟೆಸ್ಟ್ ಮಾತ್ರ ನೀವೇ ಬರೆಯಿರಿ. ಬರೆದವರ ಟೆಸ್ಟ್ ಅವರ ತಲೆಯಿಂದಲೇ ಬಂದಿರುತ್ತದೆ. ಒಂದೇ ‘ಸಬ್’ ಇರುವ ಪುಟ್ಟ ಅಸೆಂಬ್ಲಿ ಫಂಕ್ಷನ್ ಸಾಕು. ಪ್ರೋಬ್ ಇಲ್ಲದೆ ಒಮ್ಮೆ, ಪ್ರೋಬ್ ಇಟ್ಟು ಒಮ್ಮೆ ಓಡಿಸಿ, ಎಲ್ಲಾ ರಿಜಿಸ್ಟರ್ ಮತ್ತು ಫ್ಲ್ಯಾಗ್ ಹೋಲಿಸಿ. ಸಂಖ್ಯೆಗಳನ್ನು ಅಂಚಿನಿಂದ ಆರಿಸಿ: ಸೊನ್ನೆ, ಒಂದು, −128, ಚಿಹ್ನೆ ಬದಲಾಗುವ ಜಾಗ. 32 ಬಿಟ್‌ನ ಪ್ರೋಗ್ರಾಮ್ ಆಗಿಯೂ ಕಟ್ಟಿ ನೋಡಿ.

ಹೆಸರು ಹಾಕುವ ವಿಷಯ. ಕರ್ನಲ್‌ನಲ್ಲಿ ‘ರಿವ್ಯೂಡ್-ಬೈ’ ಅಂದರೆ ಕೋಡ್ ಓದಿ, ನನ್ನ ಆಕ್ಷೇಪಗಳಿಗೆ ಉತ್ತರ ಸಿಕ್ಕಿದೆ, ಸೇರಿಸಲು ಯೋಗ್ಯ ಅಂತ ನಾನು ನಂಬುತ್ತೇನೆ ಅಂತ ಅರ್ಥ. ತಪ್ಪೇ ಇಲ್ಲ ಅನ್ನುವ ಗ್ಯಾರಂಟಿ ಅದಲ್ಲ. ಓಡಿಸಿ ಮಾತ್ರ ನೋಡಿದ್ದರೆ ‘ಟೆಸ್ಟೆಡ್-ಬೈ’ ಹಾಕಿ. ಏನು ನೋಡಿದೆ, ಏನು ನೋಡಿಲ್ಲ ಅಂತ ಎರಡು ಸಾಲು ಬರೆಯಿರಿ. ‘32 ಬಿಟ್ ಓಡಿಸಿಲ್ಲ’ ಅನ್ನುವ ಒಂದು ಸಾಲಿನಿಂದ ಮುಂದಿನ ರಿವ್ಯೂ ಮಾಡುವವರಿಗೆ ಎಲ್ಲಿ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ.

ಸದ್ಯಕ್ಕೆ ಇಪ್ಪತ್ತು ಪ್ರಶ್ನೆ ಒಟ್ಟಿಗೆ ಕಳಿಸಬೇಡಿ. ‘ಸಬ್’ ಆದ ಮೇಲೆ ಆರು ಫ್ಲ್ಯಾಗ್ ಎಲ್ಲಿ ಬದಲಾಗುತ್ತವೆ, ಆ ಸಾಲು ತೋರಿಸಿ ಅಂತ ಮೊದಲು ಕೇಳಿ. ಆ ಸಾಲು ಇದ್ದರೆ ಬೈಟ್ 80ರ ಟೆಸ್ಟ್ ಕೇಳಿ. ಇಲ್ಲದಿದ್ದರೆ, ‘ಮೂವ್’ ಮಾತ್ರ ಈಗ ಕಳಿಸಿ, ‘ಸಬ್’ ಮುಂದಿನ ಸಲಕ್ಕಿರಲಿ ಅಂತ ಬರೆಯಿರಿ.